ಮುಸ್ಸಂಜೆಯ ದುರ್ಬೀನು

ಕೊಡಗಿನಿಂದ ಬಂದಿದ್ದ ವೃದ್ಧೆ ದುರ್ಬೀನು ಕೇಳಿದಾಗ ಮೈಸೂರಿನ ಅಂಗಡಿಯವನು ಮುಗುಳ್ನಕ್ಕ.

“ಹಕ್ಕಿ ನೋಡೋದಕ್ಕಾ, ಅಮ್ಮಾ?”

“ಬೇಟೆಗಪ್ಪ. ಗದ್ದೆಗೆ ಹಂದಿ ನುಗ್ಗುತ್ವೆ.”

“ನೀವು ಬರ್ತೀರಂದ್ರೆ ಅವು ಊರೇ ಬಿಡ್ತವೆ!” ಎನ್ನುತ್ತ ಆತ ಅಗ್ಗದ್ದೊಂದನ್ನು ಮುಂದಿಟ್ಟ. ಆಕೆ ಅದನ್ನು ಪಕ್ಕಕ್ಕೆ ಸರಿಸಿದಳು.

“ಇರೋದ್ರಲ್ಲಿ ಒಳ್ಳೇದು ಕೊಡು. ಮುಸ್ಸಂಜೇಲೂ ಸರಿಯಾಗಿ ಕಾಣ್ಬೇಕು.”

ಆತ ಬೆಲೆಬಾಳುವ ಜರ್ಮನ್ ದುರ್ಬೀನನ್ನು ಪೆಟ್ಟಿಗೆಯಿಂದ ತೆಗೆದ. ಹೊರಗೆ ಹೊತ್ತು ಮುಳುಗುತ್ತಿತ್ತು. ಬಾಗಿಲಾಚೆ ಸ್ಟೂಲು ಹಾಕಿ ಆಕೆಯನ್ನು ಕೂರಿಸಿ, ಕೈ ನಡುಗದಂತೆ ಮೊಣಕೈಗೆ ತನ್ನ ಅಂಗೈ ಆನಿಸಿ ನಿಂತ.

“ಬೀದಿ ಕೊನೇಲಿ, ಪೊದೆ ಹತ್ತಿರ ಏನೋ ಬಗ್ಗಿದೆ,” ಎಂದಳು. ತಿರುಪನ್ನು ಮೆಲ್ಲಗೆ ತಿರುಗಿಸಿದಳು. “ಮನುಷ್ಯ. ಚಪ್ಪಲಿ ಸರಿಮಾಡ್ಕೊಳ್ತಿದ್ದಾನೆ.”

“ಕತ್ತಲಲ್ಲೂ ಹಿಡಿದ್ಬಿಟ್ರಲ್ಲಮ್ಮಾ!”

ಆಕೆ ಬಹಳ ಹೊತ್ತು ದುರ್ಬೀನು ಕೆಳಗಿಳಿಸಲಿಲ್ಲ.

“ಇದನ್ನೇ ಕಟ್ಟಿಕೊಡಪ್ಪ. ನಮ್ಮಲ್ಲಿ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ಗಂಡುಮಕ್ಕಳ ಕೈಗೆ ಕೊಡ್ತೀವಿ. ಈ ಸಲ ಕೋವಿ ಜೊತೆ ಇದನ್ನೂ ಕೊಡ್ತೀನಿ. ಹೋದ ಮಳೆಗಾಲದಿಂದ ನನ್ನ ದೊಡ್ಡ ಮಗ ಕೋವಿ ಮುಟ್ಟಿಲ್ಲ.”

“ಯಾಕಮ್ಮಾ?”

“ಬಗ್ಗಿ ಅಣಬೆ ಕೀಳ್ತಿದ್ದ ತಮ್ಮನ್ನ ಹಂದಿ ಅಂದ್ಕೊಂಡ.”