ಗಂಟಲು ರಜೆ

ಸಂಜೆ ಮನೆಗೆ ಮರಳದವರ ಬಾಯಿಂದ ಬೆಳಿಗ್ಗೆ ‘ಬರ್ತೀನಿ’ ಎಂಬ ಮಾತು ಹೊರಡುವುದಿಲ್ಲ. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಅಂಥ ದಿನ ಬೈಕು ಮುಟ್ಟದೆ ಮನೆಯಲ್ಲೇ ಇರಲೆಂದು ಕಂಪನಿಗಳು ಗಂಟಲು ರಜೆ ಕೊಡುತ್ತಿದ್ದವು. ಕೊರಿಯರ್ ಹಂಚುವ ಜಯಣ್ಣನ ರಜೆಯೆಲ್ಲ ಮುಗಿದಿತ್ತು. ರಿಂಗ್ ರಸ್ತೆಯ ಗುಂಡಿಗಳು, ಎದುರಿಗೇ ನುಗ್ಗುವ ನೀರಿನ ಟ್ಯಾಂಕರುಗಳು ಈ ವರ್ಷ ಅವನ ಗಂಟಲನ್ನು ಮತ್ತೆ ಮತ್ತೆ ಹಿಡಿದಿದ್ದವು. ಇನ್ನೊಂದು ದಿನ ತಪ್ಪಿಸಿದರೆ ಕೆಲಸವಿಲ್ಲ.

ಇವತ್ತೂ ಬಚ್ಚಲಲ್ಲಿ ಮೆಲ್ಲಗೆ ಹೇಳಿ ನೋಡಿದ. ಆ ಮಾತು ಹೊರಡಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಬೈಕ್ ಸ್ಟಾರ್ಟ್ ಮಾಡಿ, ಹೆಂಡತಿ ಗಂಗರತ್ನ ಬಾಗಿಲಿಗೆ ಬರುವಷ್ಟರಲ್ಲಿ ಜೋರಾಗಿ ಆಕ್ಸಿಲರೇಟರ್ ತಿರುವಿ ತಲೆಯಾಡಿಸಿದ.

“ಏನಂದ್ರಿ? ಕೇಳಿಸ್ಲಿಲ್ಲ.”

ಕಾಲೇಜಿಗೆ ಹೊರಟ ಮಗಳು ಚಂದನಾ ಹಿಂದಿನ ಸೀಟು ಹತ್ತಿದಳು. ದಿನವೂ ಇಬ್ಬರ ಪರವಾಗಿ ‘ಬರ್ತೀವಿ’ ಎಂದು ಕೂಗುವುದು ಅವಳ ರೂಢಿ. ಇವತ್ತು ಬಾಯಿಂದ ಬಂದದ್ದು ತನ್ನೊಬ್ಬಳ ಮಾತು.

“ಅಮ್ಮಾ, ಬರ್ತೀನಿ.”

ಗಂಗರತ್ನ ಮೆಟ್ಟಿಲಿಳಿದು ಬಂದು ಬೈಕಿನ ಕೀ ಕಿತ್ತುಕೊಂಡಳು. ಎಂಜಿನ್ ನಿಂತಿತು.

“ಈಗ ಹೇಳಿ,” ಎಂದಳು.

ಚಂದನಾ ಕೆಳಗಿಳಿದು ನಿಂತಳು. ಜಯಣ್ಣ ಹೆಲ್ಮೆಟ್ ತೆಗೆಯದೆ ಕೈ ಚಾಚಿದ.

“ಕೀ ಕೊಡು. ಹೋಗ್ತೀನಿ.”

ಹೊಸಿಲಲ್ಲಿ ಯಾರೂ ಆಡದ ಆ ಮಾತು ಸಲೀಸಾಗಿ ಹೊರಟಿತು.