ಕುಕ್ಕರ್ ಕೂಗದ ಮಧ್ಯಾಹ್ನ

ಅನ್ನ ತಳ ಹಿಡಿದ ವಾಸನೆ ಬಂದರೆ ಈಗಲೂ ನಾನು ಒಲೆಯ ಕಡೆ ಓಡುವುದಿಲ್ಲ, ಒಂದು ಗಳಿಗೆ ಹಾಗೇ ನಿಲ್ಲುತ್ತೇನೆ.

ನನ್ನ ಅಣ್ಣನಿಗೂ ತಂಗಿಗೂ ಆಟಿಸಂ. ಕುಕ್ಕರ್ ಮೂರು ಸಲ ಕೂಗದೆ ಅಣ್ಣ ಊಟಕ್ಕೆ ಕೂರುತ್ತಿರಲಿಲ್ಲ. ಒಂದು ಸಲ ಕೂಗಿದರೂ ತಂಗಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಆ ದಿನ ಅವಳ ಹಣೆ ಊದಿತ್ತು. ಸಿದ್ದಾಪುರದಿಂದ ಬಂದಿದ್ದ ಅತ್ತೆ ಅರಿಶಿನ ಹಚ್ಚಲು ಹೋದರೆ ಚೀರಿ ಕೈ ತಳ್ಳಿದಳು.

"ಒಬ್ಬಂಗೆ ಬೇಕು, ಒಬ್ಬಳಿಗೆ ಆಗ್ತಿಲ್ಲೆ. ಎಂತ ಮಾಡದು ಅತ್ತಿಗೆ?" ಎಂದಳು ಅತ್ತೆ.

"ಕುಕ್ಕರ್ ಕೂಗದು ಬ್ಯಾಡ. ಆನೇ ಕೂಗ್ತೆ," ಎಂದು ಅಮ್ಮ ತನ್ನ ಎದೆ ಮುಟ್ಟಿ ತೋರಿಸಿದಳು.

ಅಕ್ಕಿಯನ್ನು ಪಾತ್ರೆಯಲ್ಲಿ ಬೇಯಲಿಟ್ಟು, ಕುಕ್ಕರಿನ ವೇಟನ್ನು ಅಣ್ಣನ ಕೈಗೆ ಕೊಟ್ಟಳು. ನೀರು ಇಂಗತೊಡಗಿದಾಗ ಅವನು ಅದನ್ನು ಎತ್ತಿ ಹಿಡಿದ. ಅಮ್ಮ ತುಟಿ ಚೂಪು ಮಾಡಿ, ಸದ್ದೇ ಬಾರದ ಹಾಗೆ ಅವನ ಕೆನ್ನೆಗೆ ಉದ್ದಕ್ಕೆ ಉಸಿರು ಬಿಟ್ಟಳು. ಒಂದು. ಎರಡು. ಮೂರು. ಅಣ್ಣ ನಕ್ಕು, ತಟ್ಟೆ ಎಳೆದುಕೊಂಡು ಕೂತ.

ಆಗ ತಂಗಿ ಮೂಲೆಯಿಂದ ಎದ್ದು ಬಂದಳು. ಯಾರನ್ನೂ ಹತ್ತಿರ ಬಿಡದವಳು ತಾನಾಗಿಯೇ ಅಮ್ಮನ ತುಟಿಯ ಮುಂದೆ ಕೆನ್ನೆ ಒಡ್ಡಿ, ಕಣ್ಣು ಮುಚ್ಚಿ ನಿಂತಳು.

ನಾಲ್ಕು. ಐದು. ಆಮೇಲೆ ನಾನು ಎಣಿಸಲಿಲ್ಲ. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ಅತ್ತೆಯೂ ಏಳಲಿಲ್ಲ, ನಾನೂ ಏಳಲಿಲ್ಲ.