ಕರ್ಚೀಫಿನ ಪಿನ್ನು

ಅಕ್ಕರೆಯಿಂದ ಬೆಳೆಯುವ ಮಕ್ಕಳ ಕಾಲು ನೆಲಕ್ಕೆ ತಾಗುವುದಿಲ್ಲವಾದ್ದರಿಂದ, ಒಂದನೇ ಕ್ಲಾಸಿನ ವಿಶಾಲಾಕ್ಷಿ ಮಿಸ್ ಕತ್ತೆತ್ತಿಕೊಂಡೇ ಹಾಜರಿ ಕೂಗುತ್ತಿದ್ದರು. ಫ್ಯಾನು ಬಿಚ್ಚಿಸಿ ವರ್ಷಗಳಾಗಿದ್ದವು. ಆ ಸೋಮವಾರವೂ ಸೂರಿನಡಿ ಗದ್ದಲವೋ ಗದ್ದಲ. ಅಜ್ಜಿ ಮನೆಯಲ್ಲಿ ರಜೆ ಕಳೆದು ಬಂದ ಜೀವನ್ ತಲೆಕೆಳಗಾಗಿ ಮಗ್ಗಿ ಹೇಳುತ್ತಿದ್ದ. ಇನ್ನಿಬ್ಬರು ಹೆಂಚಿನ ಸಂದಿಯ ಗುಬ್ಬಿಯೊಂದಿಗೆ ಜಗಳಕ್ಕೆ ಬಿದ್ದಿದ್ದರು.

ಮಿಸ್ ಒಬ್ಬೊಬ್ಬರನ್ನೇ ಸೊಂಟದ ದಾರ ಹಿಡಿದು ಇಳಿಸಿಕೊಂಡು, ಎದೆಗೆ ಕರ್ಚೀಫು ಪಿನ್ನು ಮಾಡಿ ಮತ್ತೆ ಮೇಲಕ್ಕೆ ಬಿಡುತ್ತಿದ್ದರು. ಕನ್ನಿಕಾಳ ಸರದಿ ಬಂತು. ಪಿನ್ನು ಚುಚ್ಚಿದ್ದೇ ತಡ, ಅಂಗಿಯೊಳಗೆ ಢಬ್ಬೆಂದಿತು. ಹುಡುಗಿ ನೆಲಕ್ಕೆ ಕುಕ್ಕರಿಸಿದಳು. ಕೊರಳಪಟ್ಟಿಯಿಂದ ಕೆಂಪು ಬಲೂನಿನ ಚೂರು ಇಣುಕಿತು. ಮೇಲಿದ್ದವರು, ಬೀಳಲು ಬಾರದಿದ್ದರೂ, ಬಿದ್ದು ಬಿದ್ದು ನಕ್ಕರು.

“ಅಪ್ಪ ದಿನಾ ಕಟ್ಟಿ ಕಳಿಸ್ತಾರೆ,” ಎಂದು ಕನ್ನಿಕಾ ಪಿಸುಗುಟ್ಟಿದಳು. “ಯಾರಿಗೂ ಹೇಳ್ಬೇಡಿ ಮಿಸ್.”

ಮಿಸ್ ಫೋನು ಕೈಗೆತ್ತಿಕೊಂಡಿದ್ದು ಕಂಡು ಬಾಗಿಲಲ್ಲಿದ್ದ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. “ಅವಳಪ್ಪ ಊರಿಗೇ ದೊಡ್ಡ ಮನುಷ್ಯ ಕಣಮ್ಮ. ಸರಿಯಾಗಿ ಗೊತ್ತಿಲ್ದೆ ಫೋನ್ ಮಾಡಿದ್ರೆ ನಮ್ಮ ತಲೆಗೇ ಬರುತ್ತೆ.”

“ಅನುಮಾನ ಬಂದ್ರೆ ಹೇಳ್ಬೇಕು ಅನ್ನೋದು ಕಾನೂನು ಸಾರ್. ನಿಜಾನೋ ಸುಳ್ಳೋ ನೋಡೋಕೆ ಅವರಿದ್ದಾರೆ,” ಎಂದ ಮಿಸ್ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಇನ್ನೊಂದು ಕೈಯಲ್ಲಿ ಕನ್ನಿಕಾಳ ಕೈ ಇತ್ತು.

“ಹೌದು, ಮಗು ನೆಲದ ಮೇಲೇ ಇದೆ,” ಎನ್ನುತ್ತಿದ್ದಂತೆ ಆ ಕೈ ಹಗುರವಾಯಿತು. ಮಿಸ್ ತಿರುಗಿ ನೋಡಿದರು. ಹುಡುಗಿಯ ಹಿಮ್ಮಡಿ ಬೆರಳಗಲ ಮೇಲೆದ್ದಿತ್ತು.

“ಬೇಗ ಬನ್ನಿ,” ಎಂದರು ಮಿಸ್ ಫೋನಿಗೆ. “ಆಮೇಲೆ ಸೂರಿಂದ ಇಳಿಸ್ಬೇಕಾಗುತ್ತೆ.”